ಲೋಗೋ ಮೊದಲೋ, ತೂಗುವ ತಕ್ಕಡಿ ಮೊದಲೋ? ಹಿಪ್‌ಹಾಪ್ ಪತ್ರಿಕೆಯೊಂದರ ಚಹರೆ ಹುಡುಕುತ್ತ

ಹೊಸಸಂಚಿಕೆ

ನಾವು ಮೂವರು ಗೆಳೆಯರು ಸೇರಿ ಹಿಪ್‌ಹಾಪ್ ಸಂಗೀತಕ್ಕೆಂದೇ ಒಂದು ತ್ರೈಮಾಸಿಕ ತರಲು ಹೊರಟಿದ್ದೇವೆ. ಅಚ್ಚಿನಲ್ಲೂ ಬರುತ್ತದೆ, ಜಾಲತಾಣವೂ ಇರುತ್ತದೆ. ನಾಲ್ಕು ತಿಂಗಳಿನಿಂದ ಲೋಗೋ ಬರೆದು ಅಳಿಸುವುದೇ ಕೆಲಸವಾಗಿದೆ. ಕೊನೆಗೆ ಮೂರು ಉಳಿದಿವೆ: ಬಣ್ಣ ಸೋರುತ್ತಿರುವ ಕಿರೀಟ, ಮೈಕ್ ಹಿಡಿದ ಮುಷ್ಟಿ, ಸ್ಪ್ರೇ ಬಣ್ಣದಲ್ಲಿ ಬರೆದಂತಿರುವ ದಪ್ಪ ಅಕ್ಷರಗಳು. ಬಣ್ಣ ಕಪ್ಪು ಮತ್ತು ಬಂಗಾರ ಎಂದು ಬಹುತೇಕ ತೀರ್ಮಾನವಾಗಿದೆ. ಹೆಸರು ಮಾತ್ರ ಇನ್ನೂ ಆಗಿಲ್ಲ.

ಪರಿಚಯದವರಿಗೆ ತೋರಿಸಿದರೆ ಒಬ್ಬೊಬ್ಬರು ಒಂದೊಂದನ್ನು ಮೆಚ್ಚುತ್ತಾರೆ. ಮೂರರಲ್ಲಿ ಯಾವುದು ನಿಲ್ಲುತ್ತದೆ? ಮೊದಲ ಸಂಚಿಕೆ ಅಚ್ಚಿಗೆ ಹೋಗುವ ಮುನ್ನ ಇನ್ನೇನೇನು ತೀರ್ಮಾನಿಸಿಕೊಳ್ಳಬೇಕು? ಬಲ್ಲವರು ದಯವಿಟ್ಟು ಬಿಚ್ಚುಮನಸ್ಸಿನಿಂದ ಹೇಳಿ.

ಹಳೆಯ_ಚಂದಾದಾರ

ಮೂರರಲ್ಲಿ ಒಂದನ್ನು ಆರಿಸುವ ಮೊದಲು ಒಂದು ಪ್ರಶ್ನೆ. ಲೋಗೋ ಇರುವ ಭಾಗವನ್ನು ಹರಿದುಹಾಕಿದ ಮೇಲೂ ಉಳಿದ ಪುಟಗಳನ್ನು ನೋಡಿ ಇದು ನಿಮ್ಮದೇ ಪತ್ರಿಕೆ ಎಂದು ಓದುಗ ಹೇಳಬಲ್ಲನೇ?

ಅಮೆರಿಕದ ಹಿಪ್‌ಹಾಪ್ ಪತ್ರಿಕೆ ‘ದಿ ಸೋರ್ಸ್’ 1988ರಲ್ಲಿ ಡೇವಿಡ್ ಮೇಸ್ ಮತ್ತು ಜಾನ್ ಶೆಕ್ಟರ್ ಎಂಬ ಇಬ್ಬರು ಹಾರ್ವರ್ಡ್ ವಿದ್ಯಾರ್ಥಿಗಳ ಕೈಯಲ್ಲಿ ಸಣ್ಣ ಸುದ್ದಿಪತ್ರವಾಗಿ ಹುಟ್ಟಿತು. ಆ ಪತ್ರಿಕೆ ಎಂದರೆ ನನ್ನ ಕಣ್ಣ ಮುಂದೆ ಬರುವುದು ಅದರ ಹೆಸರಿನ ಅಕ್ಷರಗಳಲ್ಲ, ಐದು ಮೈಕ್‌ಗಳು. ಆಲ್ಬಂ ವಿಮರ್ಶೆಯ ಪಕ್ಕದಲ್ಲಿ ಸಾಲಾಗಿ ಕೂರುತ್ತಿದ್ದ ಆ ಪುಟ್ಟ ಮೈಕ್‌ಗಳಲ್ಲಿ ಅರ್ಧ ಹೆಚ್ಚಾದರೂ ಜಗಳ, ಅರ್ಧ ಕಡಿಮೆಯಾದರೂ ಜಗಳ. 1994ರಲ್ಲಿ ರ‍್ಯಾಪರ್ ನ್ಯಾಸ್‌ನ ಮೊದಲ ಆಲ್ಬಂಗೆ ಐದೂ ಮೈಕ್ ಸಿಕ್ಕಿದ್ದನ್ನು ಜನ ಇಂದಿಗೂ ನೆನೆಯುತ್ತಾರೆ. ಮೊದಲ ಆಲ್ಬಂಗೇ ಪೂರ್ತಿ ಅಂಕ!

ಇನ್ನೊಂದು, ಕಂಪನಿಗಳ ಜೊತೆ ಒಪ್ಪಂದವಿಲ್ಲದ ಹೊಸಬರಿಗೆಂದೇ ಮೀಸಲಾಗಿದ್ದ ‘ಅನ್‌ಸೈನ್ಡ್ ಹೈಪ್’ ಅಂಕಣ. 1992ರ ಮಾರ್ಚ್ ಸಂಚಿಕೆಯಲ್ಲಿ ಅಲ್ಲಿ ಕಾಣಿಸಿಕೊಂಡವನು ಬ್ರೂಕ್ಲಿನ್‌ನ ಒಬ್ಬ ತರುಣ, ಮುಂದೆ ದಿ ನಟೋರಿಯಸ್ ಬಿ.ಐ.ಜಿ. ಎಂಬ ರ‍್ಯಾಪರ್ ಆಗಿ ಜಗತ್ತಿಗೆ ಪರಿಚಯವಾದವನು. ಪತ್ರಿಕೆಯ ಚಹರೆ ಎಂದು ನಾನು ಕರೆಯುವುದು ಇದನ್ನೇ. ಅದು ಯಾರ ಮಾತಿಗೆ ಕಿವಿಗೊಡುತ್ತದೆ, ಕೇಳಿದ್ದನ್ನು ಯಾವ ತಕ್ಕಡಿಯಲ್ಲಿ ತೂಗುತ್ತದೆ ಎಂಬುದು. ಅದು ಗಟ್ಟಿಯಾದರೆ ಲೋಗೋ ಬರೆಯುವುದು ಒಂದು ವಾರದ ಕೆಲಸ.

ವಿಮರ್ಶಕಿ

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತ. ಹೆಸರು, ಅಳತೆ, ನೋಟ ಮೂರೂ ಒಂದೇ ಬಟ್ಟೆಯಿಂದ ಕತ್ತರಿಸಿದಂತಿದ್ದರೆ ಎಷ್ಟು ಚೆಂದ ಎನ್ನುವುದಕ್ಕೆ 1997ರಲ್ಲಿ ಶುರುವಾದ ಹಿಪ್‌ಹಾಪ್ ಪತ್ರಿಕೆ ‘ಎಕ್ಸ್‌ಎಕ್ಸ್‌ಎಲ್’ ನೋಡಿ. ಹೆಸರೇ ಅಂಗಿಯ ಅಳತೆ. ವಿಮರ್ಶೆಯ ಅಂಕಗಳೂ ಅದೇ: ಸ್ಮಾಲ್‌ನಿಂದ ಆರಂಭವಾಗಿ ಎಕ್ಸ್‌ಎಕ್ಸ್‌ಎಲ್‌ವರೆಗೆ. ಅತ್ಯುತ್ತಮ ಎನ್ನಬೇಕಾದಾಗಲೆಲ್ಲ ಪತ್ರಿಕೆಯ ಹೆಸರನ್ನೇ ಹೇಳಬೇಕು. ಇಂಥ ಜಾಣ್ಮೆಗೆ ಹಣ ಬೇಕಿಲ್ಲ, ಹೆಸರಿಡುವ ದಿನವೇ ಯೋಚಿಸಿದ್ದರೆ ಸಾಕು. ಭರವಸೆಯ ಹೊಸಬರನ್ನು ಪಟ್ಟಿ ಮಾಡುವ, 2007ರಲ್ಲಿ ಆರಂಭವಾದ ಅವರ ‘ಫ್ರೆಶ್‌ಮನ್’ ಮುಖಪುಟಗಳೂ ಹಾಗೆಯೇ. ಪಟ್ಟಿಯಲ್ಲಿ ಯಾರಿದ್ದಾರೆ, ಯಾರನ್ನು ಬಿಟ್ಟರು ಎಂಬ ವಾದದಲ್ಲೇ ಪತ್ರಿಕೆಯ ಹೆಸರು ಬಾಯಿಂದ ಬಾಯಿಗೆ ಹೋಗುತ್ತದೆ.

ಹೊಸಸಂಚಿಕೆಯವರೇ, ‘ಬೇರೆಯವರು ಮಾಡದ, ನಾವು ಮಾತ್ರ ಮಾಡುವ ಕೆಲಸ ಇದು’ ಎಂದು ಒಂದೇ ಒಂದು ವಾಕ್ಯ ಬರೆದು ಇಲ್ಲಿ ಹಾಕಿ. ‘ಸಂಸ್ಕೃತಿಯ ದನಿ’ ಎಂಬಂಥ ಮಾತು ಬೇಡ. ನಾಳೆ ಬೆಳಿಗ್ಗೆ ಕಚೇರಿಯಲ್ಲಿ ಕೂತು ಮಾಡಬಹುದಾದ ಕೆಲಸದ ಹೆಸರು ಹೇಳಿ.

ಗೋಡೆಬರಹ

ನಾನು ಅಕ್ಷರ ಬರೆಯುವವನು. ಗೋಡೆಯ ಮೇಲೆ ಶುರು ಮಾಡಿದೆ, ಈಗ ಕಾಗದದ ಮೇಲೆ. ಆದ್ದರಿಂದ ಲೋಗೋಗಳ ಬಗ್ಗೆ ನೇರವಾಗಿ ಹೇಳುತ್ತೇನೆ. ಸೋರುವ ಬಣ್ಣ, ಕಿರೀಟ, ಮುಷ್ಟಿ ಇವು ಈ ಸಂಗೀತವನ್ನು ಹೊರಗೆ ನಿಂತು ನೋಡಿದವರ ಚಿತ್ರಗಳು.

ಒಳಗಿನವರು ಏನು ಮಾಡಿದ್ದರು ನೋಡಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ ಬಡಾವಣೆಯ 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ಹಾಡು ಹಾಕಿದ, ಹಿಪ್‌ಹಾಪ್ ಹುಟ್ಟಿದ್ದೇ ಅಲ್ಲಿ ಎನ್ನುವ ಪಾರ್ಟಿಯ ಆಹ್ವಾನವನ್ನು ಸಣ್ಣ ಕಾರ್ಡುಗಳ ಮೇಲೆ ಕೈಯಲ್ಲೇ ಬರೆದಿದ್ದರು. ಆಮೇಲೆ ಬಂದ ಬಡ್ಡಿ ಎಸ್ಕ್ವೈರ್ ಮತ್ತು ಫೇಸ್ 2 ಅಂಥವರು ಪಾರ್ಟಿ ಕರಪತ್ರಗಳನ್ನು ಕಲೆಯ ಮಟ್ಟಕ್ಕೆ ಏರಿಸಿದರು. ಬಡ್ಡಿ ಎಸ್ಕ್ವೈರ್ ಗ್ರಂಥಾಲಯದ ಪುಸ್ತಕಗಳನ್ನು ನೋಡಿ ಅಕ್ಷರ ಕಲಿತವನು. ಅವನ ಕರಪತ್ರಗಳಲ್ಲಿ ಬಣ್ಣ ಸೋರುವುದಿಲ್ಲ. ಆರ್ಟ್ ಡೆಕೋ ಕಟ್ಟಡಗಳ ನೇರ ಗೆರೆ, ಅಚ್ಚುಕಟ್ಟಾದ ಚೌಕಟ್ಟು. ಬಡ ಬಡಾವಣೆಯ ಶಾಲೆಯ ಸಭಾಂಗಣದಲ್ಲಿ ನಡೆಯುವ ಕಾರ್ಯಕ್ರಮಕ್ಕೆ ದೊಡ್ಡ ರಂಗಮಂದಿರದ ಘನತೆ ಕೊಟ್ಟ ಕೈ ಅದು. ಅದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ರನ್-ಡಿಎಂಸಿ (RUN-DMC) ಎಂಬ ರ‍್ಯಾಪ್ ತಂಡದ ಗುರುತನ್ನು 1986ರಲ್ಲಿ ಲಂಡನ್ನಿನಲ್ಲಿ ಸ್ಟೆಫನಿ ನ್ಯಾಶ್ ವಿನ್ಯಾಸ ಮಾಡಿದರು. ಮೇಲೆ ಮೂರಕ್ಷರ, ಕೆಳಗೆ ಮೂರಕ್ಷರ, ಎರಡು ಕೆಂಪು ಪಟ್ಟಿ. ಅಕ್ಷರ ಫ್ರಾಂಕ್ಲಿನ್ ಗಾಥಿಕ್, ಯಾವ ದಿನಪತ್ರಿಕೆಯಲ್ಲಾದರೂ ಸಿಗುವಂಥದ್ದು. ಪಬ್ಲಿಕ್ ಎನಿಮಿ ತಂಡದ ಗುರುತು, ಬಂದೂಕಿನ ಗುರಿಕಟ್ಟಿನೊಳಗೆ ಟೋಪಿ ಹಾಕಿದವನ ನೆರಳು, ಗ್ರಾಫಿಕ್ ವಿನ್ಯಾಸ ಓದಿದ್ದ, ಅದೇ ತಂಡದ ಚಕ್ ಡಿ ಕೈಯಿಂದಲೇ ಬಂದದ್ದು. ಟೋಪಿ ನೋಡಿ ಅದು ಪೊಲೀಸಿನವನ ಆಕೃತಿ ಎಂದು ಬಹಳ ಜನ ತಿಳಿದಿದ್ದರು. ನಿಜಕ್ಕೂ ಅದು ರ‍್ಯಾಪರ್ ಎಲ್ಎಲ್ ಕೂಲ್ ಜೆಯ ಜೊತೆಗಾರ ಈ-ಲವ್‌ನ ನೆರಳುಚಿತ್ರ. ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿದರೂ ಕೆಡದ ಗುರುತುಗಳು ಇವು.

ನಿಮ್ಮ ಮೂರನ್ನೂ ಎರಡು ಪರೀಕ್ಷೆಗೆ ಒಡ್ಡಿ. ಒಂದು, ಬ್ರೌಸರ್ ಟ್ಯಾಬಿನಲ್ಲಿ ಕೂರುವಷ್ಟು, ಅಂದರೆ 16 ಪಿಕ್ಸೆಲ್ ಅಗಲ 16 ಪಿಕ್ಸೆಲ್ ಎತ್ತರಕ್ಕೆ ಕುಗ್ಗಿಸಿ ನೋಡಿ. ಎರಡು, ಒಂದೇ ಹಾಳೆಯನ್ನು ಮೂರು ಸಲ ಜೆರಾಕ್ಸ್‌ನ ಜೆರಾಕ್ಸ್ ತೆಗೆದು ನೋಡಿ.

ಹೊಸಸಂಚಿಕೆ

ಓದಿ ಸ್ವಲ್ಪ ನೋವಾಯಿತು, ಆದರೆ ಎರಡೂ ಪರೀಕ್ಷೆ ಮಾಡಿದೆ. ಕುಗ್ಗಿಸಿದಾಗ ಮೈಕ್ ಹಿಡಿದ ಮುಷ್ಟಿ ಒಂದು ಕಪ್ಪು ಗಂಟಾಯಿತು. ಮೂರನೆಯ ಜೆರಾಕ್ಸ್‌ನಲ್ಲಿ ಕಿರೀಟದ ಕೆಳಗಿನ ಹನಿಗಳು ಹಾಳೆಯ ಮೇಲಿನ ಕೊಳೆಯಂತೆ ಕಂಡವು. ನನ್ನ ಗೆಳತಿ ಅದನ್ನು ಬೆರಳಿನಿಂದ ಒರೆಸಲು ಹೋದಳು! ಮೂರನ್ನೂ ಪಕ್ಕಕ್ಕೆ ಇಟ್ಟಿದ್ದೇವೆ.

ವಿಮರ್ಶಕಿಯವರು ಕೇಳಿದ ವಾಕ್ಯ ಬರೆಯಲು ಮೂವರೂ ಕೂತು ಮೂರು ಗಂಟೆ ಕಳೆದೆವು. ಸದ್ಯಕ್ಕೆ ಇಷ್ಟು: ‘ಪ್ರತಿ ಸಂಚಿಕೆಯಲ್ಲೂ ಇನ್ನೂ ಆಲ್ಬಂ ತರದ ನಾಲ್ವರನ್ನು ಕೇಳಿ, ಅವರ ಒಂದೊಂದು ಹಾಡನ್ನು ಸಾಲು ಸಾಲಾಗಿ ಬಿಡಿಸಿ ಬರೆಯುತ್ತೇವೆ.’

ಹೆಸರುಗಳ ವಿಷಯ: ಮೈಕ್, ಬೀಟ್, ಫ್ಲೋ, ಸೈಫರ್ ಎಂಬ ಹಿಪ್‌ಹಾಪ್ ಪದಗಳ ಸುತ್ತ ಹನ್ನೆರಡು ಹೆಸರು ಮಾಡಿದ್ದೆವು. ಹುಡುಕಿ ನೋಡಿದರೆ ಎಲ್ಲದಕ್ಕೂ ಯಾರೋ ಒಬ್ಬರು ಆಗಲೇ ಒಡೆಯರು.

ಕಾನೂನುನೋಟ

ಹನ್ನೆರಡೂ ಹೋದದ್ದು ಒಳ್ಳೆಯದೇ ಆಯಿತು. ಸರಕನ್ನೇ ಬಣ್ಣಿಸುವ ಪದವನ್ನು ಟ್ರೇಡ್‌ಮಾರ್ಕ್ ಆಗಿ ಕಾಪಾಡಿಕೊಳ್ಳುವುದು ಕಷ್ಟ. ಹೆಸರು ಗೊತ್ತಾದ ಕೂಡಲೇ ಟ್ರೇಡ್‌ಮಾರ್ಕ್‌ಗಾಗಿ ಸರಕು, ಸೇವೆಗಳನ್ನು ವಿಂಗಡಿಸುವ ನೈಸ್ ವರ್ಗೀಕರಣದಲ್ಲಿ ಕನಿಷ್ಠ ಮೂರು ಕಡೆ ಹುಡುಕಿ: ಅಚ್ಚಿನ ಪತ್ರಿಕೆಗೆ 16ನೇ ವರ್ಗ, ಇಳಿಸಿಕೊಳ್ಳುವ ಡಿಜಿಟಲ್ ಪ್ರತಿಗೆ 9, ಪ್ರಕಟಣೆ ಮತ್ತು ಮನರಂಜನೆಗೆ 41. ಹಿಪ್‌ಹಾಪ್ ಪತ್ರಿಕೆ ಎಂದ ಮೇಲೆ ಇಂದಲ್ಲ ನಾಳೆ ಅಂಗಿ, ಟೋಪಿಯ ಮೇಲೂ ಹೆಸರು ಬರುತ್ತದೆ, ಆದ್ದರಿಂದ 25ನ್ನೂ ನೋಡಿಬಿಡಿ.

ನಿಯತಕಾಲಿಕಗಳನ್ನು ಗುರುತಿಸುವ ಐಎಸ್‌ಎಸ್‌ಎನ್ ಸಂಖ್ಯೆ ಅಚ್ಚಿನ ಆವೃತ್ತಿಗೆ ಒಂದು, ಜಾಲ ಆವೃತ್ತಿಗೆ ಇನ್ನೊಂದು ಬೇಕು. ಮುಂದೆ ಹೆಸರನ್ನು ಗಣನೀಯವಾಗಿ ಬದಲಿಸಿದರೆ ಹೊಸ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕಾಗುತ್ತದೆ. ಹಾಗಾಗಿ ‘ಈಗ ಏನೋ ಒಂದು ಇಡೋಣ, ಆಮೇಲೆ ನೋಡೋಣ’ ಎನ್ನಬೇಡಿ.

ಮುದ್ರಣದಮನೆ

ಬಣ್ಣದ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ. ಅಚ್ಚಿನ ಕೆಲಸದಲ್ಲಿ ಕೂದಲು ಬೆಳ್ಳಗಾಗಿದೆ.

ನಾಲ್ಕು ಬಣ್ಣದ ಅಚ್ಚಿನಲ್ಲಿ ಬಂಗಾರ ಬರುವುದಿಲ್ಲ. ಪರದೆಯ ಮೇಲೆ ಮಿನುಗುವ ಆ ಬಂಗಾರ ಕಾಗದಕ್ಕೆ ಇಳಿದಾಗ ಮಾಸಲು ಹಳದಿಯೋ ಖಾಕಿಯೋ ಆಗುತ್ತದೆ. ನಿಜವಾದ ಹೊಳಪು ಬೇಕಿದ್ದರೆ ಲೋಹದ ಶಾಯಿಯನ್ನು ಐದನೆಯ ಬಣ್ಣವಾಗಿ ಹಾಕಬೇಕು, ಪ್ರತಿ ಸಂಚಿಕೆಯಲ್ಲೂ ಅದರ ಖರ್ಚು ಹೊರಬೇಕು. ಕಣ್ಣು ಕುಕ್ಕುವ ನಿಯಾನ್ ಹಸಿರು, ನೇರಳೆಗಳ ಕಥೆಯೂ ಇದೇ.

ಕಪ್ಪಿನ ವಿಷಯ ಇನ್ನೂ ಸೂಕ್ಷ್ಮ. ಗಾಢ ಕಪ್ಪು ಬೇಕೆಂದು ನಾಲ್ಕೂ ಶಾಯಿ ಸೇರಿಸಿ, ಅದರೊಳಗೆ ತೆಳ್ಳಗಿನ ಬಿಳಿ ಅಕ್ಷರ ಬಿಟ್ಟರೆ, ಹೊಳಪಿಲ್ಲದ ಕಾಗದದಲ್ಲಿ ಶಾಯಿ ಹರಡಿ ಅಕ್ಷರದ ಹೊಟ್ಟೆಯೇ ಮುಚ್ಚಿಹೋಗುತ್ತದೆ. ಒಂದು ಸಲ ಒಂದು ಪತ್ರಿಕೆಯ ಪೂರ್ತಿ ಸಂದರ್ಶನ ಹೀಗೆ ಹಾಳಾಗಿತ್ತು. ಬೆಳಗಿನ ಜಾವ ಯಂತ್ರದ ಬಾಯಿಂದ ಬಂದ ಮೊದಲ ಹಾಳೆಯನ್ನು ಭೂತಗನ್ನಡಿ ಹಿಡಿದು ನೋಡಿದರೆ ‘ಒ’ ಯಾವುದು ‘ಬ’ ಯಾವುದು ತಿಳಿಯಲಿಲ್ಲ. ಆ ಸಂಪಾದಕರು ಏನೂ ಮಾತಾಡದೆ ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡರು. ಅವರ ಮುಖ ಇನ್ನೂ ಮರೆತಿಲ್ಲ.

ಮುಖಪುಟದಲ್ಲಿ ಬಾರ್‌ಕೋಡಿಗೆ ಜಾಗ ಮೊದಲೇ ಬಿಡಿ. ನಿಯತಕಾಲಿಕಗಳದು 977ರಿಂದ ಶುರುವಾಗುತ್ತದೆ, ಕೊನೆಯ ಗಳಿಗೆಯಲ್ಲಿ ಕಲಾವಿದನ ಕೈ ಮೇಲೆ ಅಂಟಿಸುವುದು ನೋಡಲಾಗದ ಕೆಲಸ.

ಪುಟಗಳ ಲೆಕ್ಕವನ್ನು ಫಾರಂಗೆ ಹೊಂದಿಸಿಕೊಳ್ಳಿ. ದೊಡ್ಡ ಯಂತ್ರದಲ್ಲಿ ಹಾಳೆಯ ಈ ಮಗ್ಗುಲಿಗೆ ಎಂಟು, ಆ ಮಗ್ಗುಲಿಗೆ ಎಂಟು, ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಹದಿನಾರು, ಮೂವತ್ತೆರಡು, ನಲವತ್ತೆಂಟು ಹೀಗೆ ಹೋದರೆ ಕಾಗದ ಪೋಲಾಗುವುದಿಲ್ಲ.

ಎಂಪಿಸಿ_ಪ್ಯಾಡ್

ಹದಿನಾರು ಎಂದು ಓದಿದ ಕೂಡಲೇ ಎದ್ದು ಕುಳಿತೆ. ನಾನು ಬೀಟ್ ಕಟ್ಟುವವನು. ರ‍್ಯಾಪ್ ಪದ್ಯದ ಒಂದು ಖಂಡ ಸಾಂಪ್ರದಾಯಿಕವಾಗಿ ಹದಿನಾರು ಬಾರ್, ಅಂದರೆ ತಾಳದ ಹದಿನಾರು ಆವರ್ತ. ‘ನನಗೊಂದು ಹದಿನಾರು ಬರೆದುಕೊಡು’ ಎಂದರೆ ಸಾಕು, ಕಲಾವಿದರಿಗೆ ಅರ್ಥವಾಗುತ್ತದೆ. 1980ರ ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರದ ಕೆಳಸಾಲಿನಲ್ಲಿ ಕೆಂಪು, ಕಿತ್ತಳೆ, ಹಳದಿ, ಬಿಳಿ ಎಂದು ನಾಲ್ಕು ನಾಲ್ಕರಂತೆ ಹದಿನಾರು ಗುಂಡಿಗಳು. ರೋಜರ್ ಲಿನ್ ವಿನ್ಯಾಸ ಮಾಡಿ ಅಕಾಯ್ 1988ರಲ್ಲಿ ತಂದ, ಬೀಟ್ ಕಟ್ಟುವ ಯಂತ್ರ ಎಂಪಿಸಿ-60ರಲ್ಲಿ ನಾಲ್ಕು ಸಾಲು ನಾಲ್ಕು ಕಂಬದಲ್ಲಿ ಹದಿನಾರು ಪ್ಯಾಡ್. ಗೋಡೆಬರಹದವರು ಹೇಳಿದ ಟ್ಯಾಬಿನ ಚಿತ್ರವೂ ಹದಿನಾರು ಪಿಕ್ಸೆಲ್. ಈಗ ನೋಡಿದರೆ ಅಚ್ಚಿನ ಫಾರಂ ಕೂಡ!

ಪತ್ರಿಕೆಯ ಹೆಸರು ‘ಹದಿನಾರು’ ಎಂದಿಟ್ಟರೆ ಹೇಗೆ?

ಹೊಸಸಂಚಿಕೆ

ಇದನ್ನು ಓದಿ ಮೂವರೂ ಒಂದು ನಿಮಿಷ ಸುಮ್ಮನಿದ್ದೆವು. ಹೇಳಿಕೊಂಡರೆ ಬಾಯಿಗೆ ಹಿತವಾಗಿದೆ.

ಹೊಸಕಿವಿ

ನನ್ನ ವಿರೋಧವಿದೆ. ನಾನು ಈ ಸಂಗೀತಕ್ಕೆ ಬಂದು ಐದು ವರ್ಷ. ನಾನು ಕೇಳುವ ಹಾಡುಗಳು ಎರಡು ನಿಮಿಷದಲ್ಲಿ ಮುಗಿಯುತ್ತವೆ, ಖಂಡಗಳು ಎಂಟಕ್ಕೂ ನಿಲ್ಲುತ್ತವೆ, ಹನ್ನೆರಡಕ್ಕೂ ನಿಲ್ಲುತ್ತವೆ. ಹದಿನಾರನ್ನು ಎಣಿಸುವುದು ಹಿಂದಿನವರ ಅಭ್ಯಾಸ. ಹೆಸರಿನ ಹಿಂದೆ 1980, 1988ರ ಯಂತ್ರಗಳು, ಮಾತಿನಲ್ಲಿ 1973 ಇದ್ದರೆ ನನ್ನಂಥವಳಿಗೆ ಇದು ವಸ್ತುಸಂಗ್ರಹಾಲಯದ ಬಾಗಿಲಿನಂತೆ ಕಾಣುತ್ತದೆ.

ಇನ್ನೊಂದು ಮಾತು. ಮೇಲೆ 1973ರ ಪಾರ್ಟಿಯ ಪ್ರಸ್ತಾಪ ಬಂತು. ಅದನ್ನು ಏರ್ಪಡಿಸಿದವಳು ಹರ್ಕ್‌ನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಶುರುವಾಗುವ ಹೊತ್ತಿಗೆ ಹೊಸ ಬಟ್ಟೆ ಕೊಳ್ಳಲು ಅವಳಿಗೆ ಹಣ ಬೇಕಿತ್ತು. ಅವಳ ಹೆಸರು ಇಲ್ಲಿಯೂ ಬರಲಿಲ್ಲ. ಪತ್ರಿಕೆಯ ಚಹರೆ ಎಂದು ಇಷ್ಟು ಮಾತಾಡುತ್ತಿದ್ದೀರಿ. ನಾಲ್ಕು ಮುಖಪುಟದಲ್ಲಿ ಎಷ್ಟು ಹೆಣ್ಣುಮಕ್ಕಳ ಮುಖ ಇರುತ್ತದೆ? ನನ್ನ ಮಟ್ಟಿಗೆ ಫಾಂಟಿಗಿಂತ ಅದೇ ದೊಡ್ಡ ಗುರುತು.

ಗೋಡೆಬರಹ

ಸಿಂಡಿಯ ಹೆಸರು ಬಿಟ್ಟವನು ನಾನೇ. ತಪ್ಪಾಯಿತು. ತಿದ್ದಿದ್ದಕ್ಕೆ ಧನ್ಯವಾದ.

ವಿಮರ್ಶಕಿ

ಹೊಸಕಿವಿಯವರು ಎತ್ತಿದ ಎರಡನೆಯ ಪ್ರಶ್ನೆ ಇಡೀ ಚರ್ಚೆಯಲ್ಲೇ ತೂಕದ್ದು. ನ್ಯಾಸ್‌ನ ಆಲ್ಬಂಗೆ ಐದು ಮೈಕ್ ಕೊಟ್ಟ ಆ ವಿಮರ್ಶೆಯನ್ನು ಬರೆದವರು ಮಿನ್ಯಾ ಓ ಎಂಬ ಯುವತಿ. ಪತ್ರಿಕೆಯಲ್ಲಿ ಇದ್ದದ್ದು ‘ಶಾರ್ಟಿ’ ಎಂಬ ಅಂಕಿತನಾಮ. ಬರೆಯುವವರು ಯಾರು, ಅವರ ಹೆಸರು ಎಷ್ಟು ದೊಡ್ಡದಾಗಿ ಅಚ್ಚಾಗುತ್ತದೆ ಎಂಬುದನ್ನೂ ವಿನ್ಯಾಸದ ಟಿಪ್ಪಣಿಯಲ್ಲೇ ಬರೆದಿಡಿ.

ಮುಖಪುಟದ ಬಗ್ಗೆ ಒಂದು ನೆನಪು. 1998ರಲ್ಲಿ ‘ಎಕ್ಸ್‌ಎಕ್ಸ್‌ಎಲ್’ ಪತ್ರಿಕೆಗಾಗಿ ಗಾರ್ಡನ್ ಪಾರ್ಕ್ಸ್ ಹಾರ್ಲೆಮ್‌ನಲ್ಲಿ ಹಿಪ್‌ಹಾಪ್ ಕಲಾವಿದರ ದೊಡ್ಡ ಗುಂಪನ್ನು ನಿಲ್ಲಿಸಿ ಚಿತ್ರ ತೆಗೆದರು. 1958ರಲ್ಲಿ ಆರ್ಟ್ ಕೇನ್ ಜಾಜ್ ಸಂಗೀತಗಾರರನ್ನು ನಿಲ್ಲಿಸಿದ್ದ ಅದೇ ಬೀದಿ, ಅದೇ ಮೆಟ್ಟಿಲು. ಶುರುವಾಗಿ ಒಂದೇ ವರ್ಷವಾಗಿದ್ದ ಪತ್ರಿಕೆ ಇಡೀ ಕುಲವನ್ನು ಒಟ್ಟುಗೂಡಿಸಿತು. ಲಕ್ಷ ಜಾಹೀರಾತು ಕೊಟ್ಟರೂ ಆ ಹೆಸರು ಬರುತ್ತಿರಲಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಹದಿನಾರು ಎಂಬುದು ಹಾಡಿಗೆ ಹಾಕುವ ಕಟ್ಟಳೆ ಆಗಬಾರದು, ಪತ್ರಿಕೆ ತನಗೆ ತಾನೇ ಹಾಕಿಕೊಳ್ಳುವ ಕಟ್ಟಳೆ ಆಗಲಿ. ಪ್ರತಿ ವಿಮರ್ಶೆ ಹದಿನಾರೇ ಸಾಲು. ಅಂಕವಿಲ್ಲ, ನಕ್ಷತ್ರವಿಲ್ಲ, ಮೈಕ್ ಇಲ್ಲ. ಕಲಾವಿದ ಹದಿನಾರು ಬಾರಿನಲ್ಲಿ ತನ್ನ ಬದುಕು ಹೇಳಬಲ್ಲನಾದರೆ ನಾವು ಹದಿನಾರು ಸಾಲಿನಲ್ಲಿ ಅದನ್ನು ತೂಗಬಲ್ಲೆವು. ಎರಡು ನಿಮಿಷದ ಹಾಡಿಗೂ ಅಷ್ಟೇ, ಎರಡು ಗಂಟೆಯ ಆಲ್ಬಂಗೂ ಅಷ್ಟೇ.

ಹಳೆಯ_ಚಂದಾದಾರ

ಅಂಕ ಬೇಡ ಎನ್ನುವುದನ್ನು ನಾನು ಒಪ್ಪಲಾರೆ. ಜಗಳವಾಡಲು ಓದುಗನಿಗೆ ಒಂದು ಸಂಖ್ಯೆ ಬೇಕು.

ಆದರೆ ಅಂಕ ಕೊಟ್ಟರೂ ಬಿಟ್ಟರೂ ಒಂದು ಗೋಡೆ ಕಟ್ಟಿ. 1994ರಲ್ಲಿ ‘ದಿ ಸೋರ್ಸ್’ನ ಸಂಪಾದಕರ ಗುಂಪೇ ಹೊರನಡೆಯಿತು. ಪ್ರಕಾಶಕರಿಗೆ ಆಪ್ತವಾಗಿದ್ದ ತಂಡದ ಬಗ್ಗೆ ಒಂದು ಲೇಖನ ಸಂಪಾದಕರಿಗೆ ತಿಳಿಯದೆ ಸಂಚಿಕೆಯೊಳಗೆ ಬಂದದ್ದು ಅದಕ್ಕೆ ಕಾರಣ. ನನ್ನಂಥ ಓದುಗರಿಗೆ ಆಮೇಲೆ ಪ್ರತಿ ಮೈಕಿನ ಹಿಂದೆಯೂ ಒಂದು ಅನುಮಾನ ಹುಟ್ಟಿತು. ಜಾಹೀರಾತು ಕೊಟ್ಟವರು, ಹಣ ಹಾಕಿದವರು, ಸಂಪಾದಕರ ಗೆಳೆಯರು ಇವರ ಕೃತಿಗಳನ್ನು ಯಾರು ವಿಮರ್ಶಿಸುತ್ತಾರೆ ಎಂಬುದನ್ನು ಮೊದಲ ಸಂಚಿಕೆಯ ಎರಡನೆಯ ಪುಟದಲ್ಲೇ ಅಚ್ಚು ಮಾಡಿ, ಮುಂದಿನ ಪ್ರತಿ ಸಂಚಿಕೆಯಲ್ಲೂ ಅದೇ ಜಾಗದಲ್ಲಿ ಇಡಿ.

ಗೋಡೆಬರಹ

ನಿನ್ನೆ ರಾತ್ರಿ ಚೌಕುಳಿ ಹಾಳೆಯ ಮೇಲೆ ಬರೆದು ನೋಡಿದೆ. ನಾಲ್ಕು ಸಾಲು, ನಾಲ್ಕು ಕಂಬ, ಹದಿನಾರು ಚೌಕ. ಅಷ್ಟೇ ಲೋಗೋ. ಆದರೆ ಪ್ರತಿ ಸಂಚಿಕೆಯಲ್ಲೂ ಯಾವ ಚೌಕ ತುಂಬಿದೆ, ಯಾವುದು ಖಾಲಿ ಎಂಬುದು ಬದಲಾಗುತ್ತದೆ. ಆ ಸಂಚಿಕೆಯ ಮುಖ್ಯ ಹಾಡಿನ ಡ್ರಮ್ ತಾಳವೇ ಚಿತ್ರ. ಒಂದು ಬಾರನ್ನು ಹದಿನಾರು ಹೆಜ್ಜೆ ಮಾಡಿದರೆ ಸ್ನೇರ್ (ಚಟ್ ಎನ್ನುವ ಡ್ರಮ್ ಪೆಟ್ಟು) ಸಾಮಾನ್ಯವಾಗಿ ಐದನೆಯ ಮತ್ತು ಹದಿಮೂರನೆಯ ಹೆಜ್ಜೆಗೆ ಬೀಳುತ್ತದೆ. ಚಿತ್ರದಲ್ಲಿ ಅದು ಎರಡನೆಯ ಸಾಲಿನ ಮೊದಲ ಮನೆ, ನಾಲ್ಕನೆಯ ಸಾಲಿನ ಮೊದಲ ಮನೆ. ಕಿಕ್ (ಧಮ್ ಎನ್ನುವ ದಪ್ಪ ಪೆಟ್ಟು) ಬಿದ್ದ ಮನೆ ಕಪ್ಪು, ಸ್ನೇರ್ ಬಿದ್ದ ಮನೆ ಕೆಂಪು. ಹಾಡು ಗೊತ್ತಿದ್ದವನು ಮುಖಪುಟ ನೋಡಿಯೇ ಬೆರಳಿನಿಂದ ಮೇಜು ತಟ್ಟಬಹುದು. ಹೊಸಕಿವಿಯವರೇ, ಇಂದಿನ ಹಾಡಿನ ತಾಳ ಹಾಕಿದರೆ ಇದು ಇಂದಿನದೇ ಚಿತ್ರ.

ಎಂಪಿಸಿ_ಪ್ಯಾಡ್

ಓದಿ ರೋಮಾಂಚನವಾಯಿತು. ಒಂದೇ ತಕರಾರು. ಎಂಪಿಸಿಯಲ್ಲಿ ಒಂದನೆಯ ಪ್ಯಾಡ್ ಇರುವುದು ಕೆಳಗಿನ ಎಡಮೂಲೆಯಲ್ಲಿ. ನಾವು ಕೆಳಗಿನಿಂದ ಮೇಲಕ್ಕೆ ಓದುತ್ತೇವೆ, ನೀವು ಮೇಲಿನಿಂದ ಕೆಳಕ್ಕೆ ಬರೆದಿದ್ದೀರಿ. ನನ್ನ ಬೆರಳುಗಳು ತಾಳವನ್ನು ತಲೆಕೆಳಗಾಗಿ ತಟ್ಟುತ್ತವೆ.

ಮುದ್ರಣದಮನೆ

ಕಪ್ಪು ಮತ್ತು ಕೆಂಪು ಎರಡೇ ಶಾಯಿ ಎಂದರೆ ಮುಖಪುಟದ ಖರ್ಚು ಇಳಿಯುತ್ತದೆ. ಚೌಕಗಳ ನಡುವೆ ಕನಿಷ್ಠ ಒಂದು ಮಿಲಿಮೀಟರ್ ಬಿಳಿ ಬಿಡಿ, ಎರಡು ಶಾಯಿ ಒಂದಕ್ಕೊಂದು ತಾಗದಿದ್ದರೆ ಹಾಳೆ ಚೂರು ಸರಿದರೂ ತಿಳಿಯುವುದಿಲ್ಲ.

ಕಾನೂನುನೋಟ

ಚೌಕುಳಿ ಚಿತ್ರ ಬಹಳ ಸಾಮಾನ್ಯ, ಸಂಖ್ಯೆಯ ಹೆಸರು ಇನ್ನೂ ಸಾಮಾನ್ಯ. ಬಿಡಿಬಿಡಿಯಾಗಿ ಎರಡೂ ದುರ್ಬಲ. ಹೆಸರು ಮತ್ತು ಚಿತ್ರ ಕೂಡಿಸಿದ ಒಂದು ಸ್ಥಿರ ರೂಪವನ್ನು ನೋಂದಾಯಿಸಿ, ಸಂಚಿಕೆಯಿಂದ ಸಂಚಿಕೆಗೆ ಬದಲಾಗುವುದು ಅದರ ಅಲಂಕಾರವಾಗಿರಲಿ. ಅರ್ಜಿ ಹಾಕುವ ಮುನ್ನ ನಿಮ್ಮ ದೇಶದ ವಕೀಲರೊಬ್ಬರಿಗೆ ತೋರಿಸಿ.

ಹೊಸಸಂಚಿಕೆ

ಇವತ್ತು ಕೂತು ಬರೆದ ಟಿಪ್ಪಣಿ ಒಂದೇ ಪುಟದ್ದು. ಹೆಸರು, ನೋಂದಣಿಯ ಹುಡುಕಾಟ ಮುಗಿಯುವವರೆಗೆ, ‘ಹದಿನಾರು’. ವಿಮರ್ಶೆ ಹದಿನಾರು ಸಾಲು, ಅಂಕವಿಲ್ಲ (ಹಳೆಯ ಚಂದಾದಾರರು ಕ್ಷಮಿಸಬೇಕು, ಮೂವರಲ್ಲಿ ಇಬ್ಬರು ಹೀಗೆ ಹೇಳಿದರು). ವರ್ಷದ ನಾಲ್ಕು ಮುಖಪುಟದಲ್ಲಿ ಕನಿಷ್ಠ ಎರಡು ಹೆಣ್ಣುಮಕ್ಕಳದ್ದು. ಬರೆದವರ ಹೆಸರು ಶೀರ್ಷಿಕೆಯ ಕೆಳಗೇ, ಲೇಖನದ ಕೊನೆಯಲ್ಲಿ ಅಲ್ಲ. ಹಣ ಮತ್ತು ಗೆಳೆತನದ ನಿಯಮ ಎರಡನೆಯ ಪುಟದಲ್ಲಿ. ಬಂಗಾರ ಹೋಯಿತು, ಕಪ್ಪು ಕೆಂಪು ಬಂತು. ಮೇಲಿನಿಂದಲೋ ಕೆಳಗಿನಿಂದಲೋ ಎಂಬುದು ಮಾತ್ರ ತೀರ್ಮಾನವಾಗಿಲ್ಲ, ಎರಡನ್ನೂ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದೇವೆ.

ಹೊಸಬರ ಪುಟಕ್ಕೆ ಮೂವರು ಸಿಕ್ಕಿದ್ದಾರೆ. ನಾಲ್ಕನೆಯವರನ್ನು ಹುಡುಕುತ್ತಿದ್ದೇವೆ.

ಹೊಸಕಿವಿ

ನಾಲ್ಕನೆಯವಳ ಹೆಸರು ನನ್ನ ಬಳಿ ಇದೆ. ಅವಳ ಹಾಡಿನ ಬಗ್ಗೆ ನಾನೇ ಬರೆದುಕೊಡಬಹುದೇ? ಹೆಸರಿನ ಬಗ್ಗೆ ನನ್ನ ವಿರೋಧ ಹಾಗೆಯೇ ಇದೆ ಎಂಬುದು ತಿಳಿದಿರಲಿ. ಮತ್ತೆ, ಹದಿನಾರು ಸಾಲು ಎಂದರೆ ಎಷ್ಟು ಅಗಲದ ಸಾಲು?

ಮುದ್ರಣದಮನೆ

ಎ4 ಪುಟಕ್ಕೆ ಎರಡು ಕಾಲಂ ಮಾಡಿದರೆ ಒಂದೊಂದು ಸುಮಾರು ಎಂಟೂವರೆ ಸೆಂಟಿಮೀಟರ್ ಸಿಗುತ್ತದೆ. ಸಾಲಿಗೆ ಐದು ಪದದಂತೆ ಎಂಬತ್ತು ಪದ ಎಂದುಕೊಂಡು ಬರೆಯಿರಿ.

ಹೊಸಸಂಚಿಕೆ

ಖಂಡಿತ ನೀವೇ ಬರೆಯಿರಿ. ವಿರೋಧವನ್ನೂ ಬರೆದು ಕಳುಹಿಸಿ, ಅದಕ್ಕೂ ಎಂಬತ್ತು ಪದ ಇಟ್ಟಿರುತ್ತೇವೆ.